ಒತ್ತಿ ನೋಡುತ್ತಿದ್ದ ಕಾಲ

ಈ ಶತಮಾನದ ಮೊದಲ ಹತ್ತು ವರ್ಷಗಳಲ್ಲಿ ಸೈಬರ್ ಕೆಫೆಯಲ್ಲೋ ತರಬೇತಿ ಕೇಂದ್ರದಲ್ಲೋ ಕಂಪ್ಯೂಟರ್ ಕಲಿತವರಲ್ಲಿ ಆ ಒಂದು ಇಮೇಲ್ ಕಾಣದವರು ಸಿಗುವುದು ಕಷ್ಟ. ವಿಂಡೋಸ್‌ನಲ್ಲಿ ‘ಕಾನ್’ ಎಂಬ ಹೆಸರಿನ ಫೋಲ್ಡರ್ ಮಾಡಲು ಯಾರಿಂದಲೂ ಆಗದು, ಸಿ, ಓ, ಎನ್ ಎಂದು ಟೈಪಿಸಿ ನೀವೇ ನೋಡಿ. ಇದನ್ನು ಪತ್ತೆಹಚ್ಚಿದವನು ಒಬ್ಬ ಭಾರತೀಯ. ಕಾರಣ ಬಿಲ್ ಗೇಟ್ಸ್‌ಗೂ ಗೊತ್ತಿಲ್ಲ. ಓದಿದವರೆಲ್ಲ ಡೆಸ್ಕ್‌ಟಾಪ್ ಮೇಲೆ ಬಲ ಕ್ಲಿಕ್ ಮಾಡಿ ಹೊಸ ಫೋಲ್ಡರ್ ತೆರೆದು ಆ ಮೂರು ಅಕ್ಷರ ಒತ್ತಿದರು. ಕಂಪ್ಯೂಟರ್ ಆ ಹೆಸರನ್ನು ಒಪ್ಪಲೇ ಇಲ್ಲ. ಪಕ್ಕದವರನ್ನು ಕರೆದು ತೋರಿಸಿದರು, ಅವರೂ ತಮ್ಮ ಯಂತ್ರದಲ್ಲಿ ಮಾಡಿ ನೋಡಿದರು. ಸಾಮಾನ್ಯ ಬಳಕೆದಾರರ ಕಂಪ್ಯೂಟರ್ ತಮಾಷೆ ಎಂದರೆ ಆಗ ಹೀಗಿತ್ತು. ಅದನ್ನು ನೋಡಿ ನಕ್ಕು ಮುಂದೆ ಕಳಿಸಿದರೆ ಮುಗಿಯುತ್ತಿರಲಿಲ್ಲ, ಕೈಯಾರೆ ಮಾಡಬೇಕಿತ್ತು. ಕಳೆದ ಹದಿನೈದು ವರ್ಷಗಳಲ್ಲಿ ನಮ್ಮ ಕಣ್ಣೆದುರೇ ಮರೆಯಾದದ್ದು ಈ ಮಾಡಿ ನೋಡುವ ಗುಣ. ಕಂಪ್ಯೂಟರ್ ಬಳಸುವವರ ಸಂಖ್ಯೆ ಎಷ್ಟೋ ಪಟ್ಟು ಹೆಚ್ಚಿದ ಕಾಲದಲ್ಲೇ ಅದು ಹೋಯಿತು ಎನ್ನುವುದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ.

ಆ ಇಮೇಲ್‌ನಲ್ಲಿ ಸುಳ್ಳು ಧಾರಾಳವಾಗಿತ್ತು. ಅದರೊಳಗಿದ್ದ ನಿಜ ಮಾತ್ರ ಬಹಳ ಸೊಗಸಾದದ್ದು. 1981ರಲ್ಲಿ ಡಾಸ್ ಬಂದಾಗ ಅದರಲ್ಲಿ ಫೋಲ್ಡರ್ ಎಂಬುದೇ ಇರಲಿಲ್ಲ. ಕೀಬೋರ್ಡು ಮತ್ತು ಪರದೆ ಸೇರಿದ ‘ಕನ್ಸೋಲ್’ಗೆ ಕಾನ್, ಪ್ರಿಂಟರ್‌ಗೆ ಪಿ.ಆರ್.ಎನ್ ಎಂದು ಹೆಸರಿಟ್ಟು, ಅವನ್ನೂ ಫೈಲುಗಳಂತೆಯೇ ಕರೆಯುವ ಏರ್ಪಾಡು ಅಲ್ಲಿತ್ತು. 1983ರ ಎರಡನೇ ಆವೃತ್ತಿಯಲ್ಲಿ ಫೋಲ್ಡರುಗಳು ಬಂದವು. ಹಳೆಯ ಪ್ರೋಗ್ರಾಂಗಳು ಕೆಡಬಾರದೆಂದು ಈ ಹೆಸರುಗಳನ್ನು ಎಲ್ಲ ಫೋಲ್ಡರುಗಳಲ್ಲೂ ಕಾಯ್ದಿರಿಸಲಾಯಿತು. ಹಾಗೆ ಉಳಿದ ನಿಯಮ ವಿಂಡೋಸ್‌ಗೂ ಬಂತು. ನಮ್ಮೂರುಗಳ ತರಬೇತಿ ಕೇಂದ್ರಗಳಲ್ಲಿ ಡಾಸ್ ಪಾಠದ ಮೊದಲ ದಿನಗಳಲ್ಲೇ ‘ಕಾಪಿ ಕಾನ್’ ಕಲಿಸುತ್ತಿದ್ದರು. ಆ ಆದೇಶದ ಮುಂದೆ ಫೈಲಿನ ಹೆಸರು ಕೊಟ್ಟು, ಬೇಕಾದ್ದನ್ನು ಟೈಪಿಸಿ, ಕಂಟ್ರೋಲ್ ಜೊತೆ ಝಡ್ ಒತ್ತಿದರೆ ಕೀಬೋರ್ಡಿನಿಂದ ಬಂದದ್ದೆಲ್ಲ ಫೈಲಾಗಿ ಕೂರುತ್ತಿತ್ತು. ಆ ಪಾಠದ ‘ಕಾನ್’ ಮತ್ತು ಇಮೇಲ್‌ನ ‘ಕಾನ್’ ಎರಡೂ ಒಂದೇ ಎಂದು ಹೊಳೆದ ವಿದ್ಯಾರ್ಥಿಗೆ ಇಪ್ಪತ್ತು ವರ್ಷಗಳ ಕಂಪ್ಯೂಟರ್ ಇತಿಹಾಸ ಒಂದೇ ಏಟಿಗೆ ದಕ್ಕಿದಂತೆ. ಪಠ್ಯಪುಸ್ತಕ ಅದನ್ನು ಕೊಡುತ್ತಿರಲಿಲ್ಲ.

ನೋಟ್‌ಪ್ಯಾಡ್‌ನ ಚಮತ್ಕಾರ ಕನ್ನಡಿಗರಿಗೆ ಇನ್ನೂ ಹತ್ತಿರದ್ದು. ವಿಂಡೋಸ್ ಎಕ್ಸ್‌ಪಿಯಲ್ಲಿ ನೋಟ್‌ಪ್ಯಾಡ್ ತೆರೆದು ‘ಬುಶ್ ಹಿಡ್ ದ ಫ್ಯಾಕ್ಟ್ಸ್’ ಎಂದು ಇಂಗ್ಲಿಷಿನಲ್ಲಿ ಟೈಪಿಸಿ, ಉಳಿಸಿ, ಮುಚ್ಚಿ, ಮತ್ತೆ ತೆರೆದರೆ ವಾಕ್ಯ ಮಾಯವಾಗಿ ಅಲ್ಲಿ ಒಂಬತ್ತು ಖಾಲಿ ಚೌಕಗಳು ಕಾಣುತ್ತಿದ್ದವು. ಅಮೆರಿಕದ ಅಧ್ಯಕ್ಷರು ಸತ್ಯ ಮುಚ್ಚಿಟ್ಟರೆಂಬ ವಾಕ್ಯವನ್ನೇ ಕಂಪ್ಯೂಟರ್ ಮುಚ್ಚಿಡುತ್ತಿದೆ ಎಂದು ಜನ ಬೆರಗಾದರು. ರಾಜಕೀಯಕ್ಕೂ ಅದಕ್ಕೂ ಏನೂ ಸಂಬಂಧವಿರಲಿಲ್ಲ. ಖಾಲಿ ಜಾಗಗಳೂ ಸೇರಿ ಆ ವಾಕ್ಯ 18 ಬೈಟುಗಳದ್ದು. ಫೈಲು ಯಾವ ಸಂಕೇತದಲ್ಲಿದೆ ಎಂದು ಊಹಿಸಲು ಹೊರಟ ನೋಟ್‌ಪ್ಯಾಡ್ ತಪ್ಪು ಊಹೆ ಮಾಡಿ, ಎರಡೆರಡು ಬೈಟುಗಳನ್ನು ಒಂದು ಅಕ್ಷರವೆಂದು ಓದುತ್ತಿತ್ತು. ಸಿಗುತ್ತಿದ್ದದ್ದು ಒಂಬತ್ತು ಚೀನೀ ಅಕ್ಷರಗಳು. ಅವುಗಳ ಫಾಂಟ್ ಇಲ್ಲದ ಯಂತ್ರದಲ್ಲಿ ಒಂಬತ್ತು ಚೌಕಗಳು. ವಿಸ್ತಾ ಬಂದಾಗ ಈ ದೋಷ ಸರಿಯಾಯಿತು. ಕನ್ನಡದಲ್ಲಿ ಡಿಟಿಪಿ ಮಾಡುತ್ತಿದ್ದವರಿಗೆ ಈ ರೋಗ ದಿನನಿತ್ಯದ್ದು. ನುಡಿ, ಬರಹ, ಶ್ರೀಲಿಪಿಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಜಾಗದಲ್ಲೇ ಕನ್ನಡದ ಅಕ್ಷರಭಾಗಗಳನ್ನು ಕೂರಿಸುತ್ತಿದ್ದ ಕಾಲ ಅದು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಮದುವೆ ಕರೆಯೋಲೆಯೂ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಎಕ್ಸ್‌ಪಿ ಜೊತೆಗೆ ತುಂಗಾ ಎಂಬ ಯೂನಿಕೋಡ್ ಫಾಂಟ್ ಬಂದರೂ ಭಾರತೀಯ ಲಿಪಿಗಳ ಸೌಲಭ್ಯವನ್ನು ಬೇರೆಯಾಗಿ ಚಾಲೂ ಮಾಡಿಕೊಳ್ಳಬೇಕಿತ್ತು. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಸಂಖ್ಯೆ. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬುದು ಬರೀ ಒಪ್ಪಂದ. ಕನ್ನಡದ ಬಳಕೆದಾರನಿಗೆ ತೀರಾ ಬೇಕಾಗಿದ್ದ ಈ ತಿಳಿವಳಿಕೆ ಒಂದು ತಲೆಹರಟೆ ಇಮೇಲ್‌ನ ಹಿಂದೆ ಅಡಗಿತ್ತು.

ಇಂಥ ತಮಾಷೆಗಳಿಂದ ಸುಳ್ಳು ಹರಡಿತಲ್ಲ ಎಂದು ಯಾರಾದರೂ ಕೇಳಬಹುದು. ಹರಡಿದ್ದು ನಿಜ. 2001ರ ಸೆಪ್ಟೆಂಬರ್ ದಾಳಿಯ ನಂತರ ಬಂದ ಒಂದು ಇಮೇಲ್ ಅತ್ಯಂತ ಕೆಟ್ಟ ಉದಾಹರಣೆ. ನ್ಯೂಯಾರ್ಕಿಗೆ ಬಡಿದ ವಿಮಾನದ ಸಂಖ್ಯೆ ಇದು ಎಂದು ಹೇಳಿ, ಅದನ್ನು ವಿಂಗ್‌ಡಿಂಗ್ಸ್ ಫಾಂಟಿಗೆ ಬದಲಿಸಿದರೆ ವಿಮಾನ, ಎರಡು ಕಟ್ಟಡ, ತಲೆಬುರುಡೆ ಮೂಡುತ್ತವೆ ಎಂದು ಅದು ಹೆದರಿಸುತ್ತಿತ್ತು. ಬಡಿದ ವಿಮಾನಗಳು ಅಮೆರಿಕನ್ 11 ಮತ್ತು ಯುನೈಟೆಡ್ 175. ಇಮೇಲ್‌ನ ಸಂಖ್ಯೆ ಶುದ್ಧ ಕಟ್ಟುಕಥೆ. ‘ಕಟ್ಟಡ’ ಎಂದದ್ದು ಹಾಳೆಯ ಚಿತ್ರಗಳು. ಆದರೆ ಆ ಸುಳ್ಳಿನ ಅರ್ಧ ಭಾಗವನ್ನು ಬಳಕೆದಾರ ತನ್ನ ಮೇಜಿನಲ್ಲೇ ಪರೀಕ್ಷಿಸಬಹುದಿತ್ತು, ಹಾಳೆ ಹಾಳೆಯಂತೆಯೇ ಕಾಣುತ್ತಿತ್ತು. ಇಂದು ಫೋನಿಗೆ ಬರುವ ವಿಡಿಯೊ ತುಣುಕಿನಲ್ಲಿ ನೋಡುವವನು ಒತ್ತಿ ನೋಡಬಹುದಾದದ್ದು ಏನೂ ಇಲ್ಲ. ನಂಬಬೇಕು ಇಲ್ಲವೇ ಬಿಡಬೇಕು. ಸುಳ್ಳು ಎರಡೂ ಕಾಲದಲ್ಲಿದೆ. ಪರೀಕ್ಷೆಯ ದಾರಿ ಅಂದಿಗೆ ಹೆಚ್ಚು ತೆರೆದಿತ್ತು.

ಕೆಲಸಗಳ್ಳತನದ ಆಕ್ಷೇಪ ಹಳೆಯದು, ಸಾಲಿಟೇರ್ ಇಸ್ಪೀಟಿನಷ್ಟೇ ಹಳೆಯದು. 2006ರಲ್ಲಿ ನ್ಯೂಯಾರ್ಕಿನ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಒಬ್ಬ ನೌಕರನ ಪರದೆಯ ಮೇಲೆ ಈ ಆಟ ಕಂಡು ಕೆಲಸದಿಂದಲೇ ತೆಗೆಸಿದರು. ವೆಸ್ ಚೆರಿ ಎಂಬ ತರಬೇತಿ ನೌಕರ ಬರೆದ, ಸೂಸನ್ ಕೇರ್ ಎಲೆಗಳನ್ನು ಬಿಡಿಸಿದ ಆ ಆಟ 1990ರ ವಿಂಡೋಸ್ 3.0 ಜೊತೆ ಬಂತು. ಅದನ್ನು ಆಡಲು ಎಲೆಯನ್ನು ಮೌಸ್‌ನಲ್ಲಿ ಹಿಡಿದು, ಬಿಡದೆ ಎಳೆದು, ಸರಿಯಾದ ಜಾಗದಲ್ಲಿ ಬಿಡಬೇಕು. ಟೈಪ್‌ರೈಟರಿನಿಂದ ಎದ್ದು ಬಂದ ಗುಮಾಸ್ತರಿಗೆ ಕಷ್ಟವಾಗುತ್ತಿದ್ದದ್ದೂ ಅದೇ. ಒಂದು ಎಲೆಯ ಬೆನ್ನಿನ ಮೇಲೆ ತೆಂಗಿನಂಥ ಮರ, ಕಡಲತೀರ, ಕಪ್ಪು ಕನ್ನಡಕ ಹಾಕಿದ ಸೂರ್ಯ. ಸುಮ್ಮನೆ ಕಾಯುತ್ತಿದ್ದರೆ ಆ ಸೂರ್ಯ ಆಗಾಗ ನಾಲಗೆ ಚಾಚುತ್ತಿದ್ದ. ಇದನ್ನು ಗಮನಿಸಿದವರು ಕಂಪ್ಯೂಟರಿಗೆ ಹೆದರುವುದನ್ನು ಬಿಟ್ಟಿದ್ದರು. ಅದೇ ಮೈಕ್ರೋಸಾಫ್ಟ್ ಆಫೀಸ್ 97ರಲ್ಲಿ ಕಣ್ಣರಳಿಸುವ ಕಾಗದದ ಕ್ಲಿಪ್ ಒಂದನ್ನು ತಾನೇ ತಂದು ನಿಲ್ಲಿಸಿದಾಗ ಜನ ಸಿಡಿಮಿಡಿಗೊಂಡರು. 2001ರ ಆವೃತ್ತಿಯಲ್ಲಿ ಅದನ್ನು ಅಡಗಿಸಿ, 2007ರಲ್ಲಿ ತೆಗೆದೇ ಹಾಕಬೇಕಾಯಿತು. ತಾನಾಗಿ ಕಂಡ ಸೂರ್ಯ ಪ್ರಿಯನಾದ, ಮೇಲೆ ಬಿದ್ದು ಮಾತಾಡಿಸಿದ ಕ್ಲಿಪ್ ಬೇಡವಾಯಿತು. ತಮಾಷೆ ಬಡಿಸುವುದಕ್ಕೂ ಸಿಗಲಿ ಎಂದು ಬಿಡುವುದಕ್ಕೂ ಇರುವ ವ್ಯತ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ.

ಸಿಗಲಿ ಎಂದು ಬಿಟ್ಟವುಗಳಲ್ಲಿ ಎಕ್ಸೆಲ್ 97ರ ವಿಮಾನಕ್ಕೆ ಸಾಟಿಯಿಲ್ಲ. ಹೊಸ ಹಾಳೆ ತೆರೆದು, ಎಫ್5 ಒತ್ತಿ, ಎಕ್ಸ್97:ಎಲ್97 ಎಂದು ಕೊಟ್ಟು, ಒಮ್ಮೆ ಟ್ಯಾಬ್ ಒತ್ತಿ, ಕಂಟ್ರೋಲ್ ಮತ್ತು ಶಿಫ್ಟ್ ಹಿಡಿದು ಚಾರ್ಟ್ ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಲೆಕ್ಕದ ಹಾಳೆ ಮಾಯ. ಗುಡ್ಡಗಾಡಿನ ಮೇಲೆ ಹಾರಾಟ, ನಡುವೆ ಒಂದು ಕಲ್ಲುಕಂಬ, ಅದರ ಮೇಲೆ ಎಕ್ಸೆಲ್ ಮಾಡಿದವರ ಹೆಸರುಗಳು. ಇದಕ್ಕೆ ದಾರಿ ಹಾಕಿದವರು ಅಟಾರಿ ಕಂಪನಿಯ ವಾರೆನ್ ರಾಬಿನೆಟ್. ಆಟ ಬರೆದವರ ಹೆಸರನ್ನು ಎಲ್ಲೂ ಹಾಕದ ಕಂಪನಿಯಲ್ಲಿ ಅವರು ‘ಅಡ್ವೆಂಚರ್’ ಆಟದೊಳಗೆ ಒಂದು ಗುಪ್ತ ಕೋಣೆ ಕಟ್ಟಿ ತಮ್ಮ ಹೆಸರು ಬರೆದಿಟ್ಟಿದ್ದರು. ಸಂಬಳದ ಪಟ್ಟಿ ಮಾಡುವ ಗುಮಾಸ್ತನಿಗೆ ಆ ಕಂಬ ಹೇಳುತ್ತಿದ್ದ ಸಂಗತಿ ಸಣ್ಣದಲ್ಲ: ಈ ಯಂತ್ರದ ಒಳಗಿರುವುದನ್ನೂ ಮನುಷ್ಯರೇ ಕೂತು ಬರೆದಿದ್ದಾರೆ.

ಇವೆಲ್ಲ ನಿಂತದ್ದಕ್ಕೆ ಕಾರಣ ಭದ್ರತೆ. ಈ ಆಕ್ಷೇಪದ ಮುಂದೆ ನಾನೂ ತಲೆಬಾಗುತ್ತೇನೆ. 1999ರ ಜನವರಿಯಲ್ಲಿ ಹರಡಿದ ಹ್ಯಾಪಿ99 ಎಂಬ ಕುತಂತ್ರಾಂಶ ಪರದೆಯ ಮೇಲೆ ಹೊಸ ವರ್ಷದ ಬಾಣಬಿರುಸು ತೋರಿಸುತ್ತ, ಹಿಂದಿನಿಂದ ಬಳಕೆದಾರನ ಇಮೇಲ್ ಮೂಲಕ ತನ್ನನ್ನು ತಾನೇ ರವಾನಿಸಿಕೊಳ್ಳುತ್ತಿತ್ತು. 2002ರ ಜನವರಿಯಲ್ಲಿ ಬಿಲ್ ಗೇಟ್ಸ್ ತಮ್ಮ ಕಂಪನಿಗೆಲ್ಲ ಪತ್ರ ಬರೆದು ಭದ್ರತೆಯೇ ಮೊದಲು ಎಂದರು. ಗುಟ್ಟಾಗಿ ವಿಮಾನ ಸೇರಿಸಲು ಸಾಧ್ಯವಿರುವ ಪ್ರೋಗ್ರಾಮಿಗೆ ಇನ್ನೇನನ್ನೂ ಸೇರಿಸಲು ಸಾಧ್ಯ ಎಂಬ ವಾದ ಗಟ್ಟಿಯಾದದ್ದೇ. ಆದರೆ ಆಮೇಲೆ ಬಂದ ಬದಲಾವಣೆಗಳನ್ನೆಲ್ಲ ಭದ್ರತೆಯ ಲೆಕ್ಕಕ್ಕೆ ಬರೆಯಲಾಗದು. 2012ರ ವಿಂಡೋಸ್ 8 ಸಾಲಿಟೇರನ್ನು ಯಂತ್ರದಿಂದ ಕಿತ್ತು ಮೈಕ್ರೋಸಾಫ್ಟ್‌ನ ಆ್ಯಪ್ ಅಂಗಡಿಗೆ ಸಾಗಿಸಿತು, ವಿಂಡೋಸ್ 10ರಲ್ಲಿ ಅದು ಜಾಹೀರಾತುಗಳೊಡನೆ ಮರಳಿತು, ಜಾಹೀರಾತು ಬೇಡವೆಂದರೆ ತಿಂಗಳ ಚಂದಾ. ಇದು ವ್ಯಾಪಾರದ ಮಾತು. ಕ್ರೋಮ್‌ನ ಡೈನೋಸಾರ್ ಇದೆಯಲ್ಲ ಎಂದರೆ ಒಪ್ಪುತ್ತೇನೆ. 2014ರಿಂದ, ನೆಟ್ ಇಲ್ಲದಾಗ ಸ್ಪೇಸ್ ಒತ್ತಿದವರಿಗೆಲ್ಲ ಅದು ಓಡಿ ತೋರಿಸಿದೆ. ತಿಂಗಳಿಗೆ 27 ಕೋಟಿ ಆಟ ನಡೆಯುತ್ತದೆಂದು 2018ರಲ್ಲಿ ಗೂಗಲ್ ಹೇಳಿತು. ಭಾರತದಂಥ, ನೆಟ್ ಕೈಕೊಡುವ ದೇಶಗಳಲ್ಲಿ ಆಟ ಹೆಚ್ಚು ಎಂದೂ ಹೇಳಿತು. ಒತ್ತಿ ನೋಡುವ ಬೆರಳು ಸತ್ತಿಲ್ಲ ಎಂಬುದಕ್ಕೆ ಇದೇ ಪುರಾವೆ. ಅದಕ್ಕೆ ಸಿಗುವ ಗುಂಡಿಗಳು ಕಡಿಮೆಯಾಗಿವೆ.

ಭದ್ರತೆ ಮತ್ತು ಕುತೂಹಲ ಒಟ್ಟಿಗೆ ಇರಲಾರವು ಎನ್ನುವವರಿಗೆ ಉತ್ತರ ಸಿಕ್ಕಿ ಎಷ್ಟೋ ವರ್ಷಗಳಾದವು. 2016ರ ಫೆಬ್ರುವರಿಯಲ್ಲಿ ಇಂಟರ್‌ನೆಟ್ ಆರ್ಕೈವ್ ಸಂಸ್ಥೆ ಫಿನ್ಲೆಂಡಿನ ಭದ್ರತಾ ತಜ್ಞ ಮಿಕ್ಕೊ ಹಿಪ್ಪೊನೆನ್ ಜೊತೆ ಸೇರಿ ಡಾಸ್ ಕಾಲದ ವೈರಸ್‌ಗಳನ್ನು, ಹಾನಿ ಮಾಡುವ ಭಾಗ ತೆಗೆದು, ಬ್ರೌಸರಿನೊಳಗೇ ಓಡುವಂತೆ ಇಟ್ಟಿತು. ಅದೇ ತಿಂಗಳು ವಿಂಡೋಸ್ 3.1ರ ಆಟಗಳೂ ಪ್ರೋಗ್ರಾಂಗಳೂ ಅಲ್ಲಿ ಸೇರಿದವು. ಹಣ ಕೊಡಬೇಕಿಲ್ಲ, ಯಂತ್ರಕ್ಕೆ ಏನೂ ಇಳಿಸಿಕೊಳ್ಳಬೇಕಿಲ್ಲ. ನಮ್ಮ ಹೈಸ್ಕೂಲುಗಳ ಲ್ಯಾಬಿನಲ್ಲಿ ನೆಟ್ ಇದ್ದರೆ ಸಾಕು, ಮಕ್ಕಳು ಇವತ್ತೇ ತೆರೆದು ನೋಡಬಹುದು.