ಕ್ಲಾರಾ ಶೂಮಾನಳ ಊರುಗಳು

ಜರ್ಮನಿ ದೇಶಕ್ಕೆ ಹೋದ ಯಾತ್ರಿಕರು ರೈನ್ ನದಿಯ ದಡದ ಕೋಟೆಗಳನ್ನೂ ಕೊಲೋನ್ ನಗರದ ಮಹಾ ದೇವಾಲಯವನ್ನೂ ನೋಡಿ ಬರುವುದು ವಾಡಿಕೆ. ಸಂಗೀತದಲ್ಲಿ ಅಭಿರುಚಿಯುಳ್ಳವರಿಗೆ ಅದೇ ದೇಶದಲ್ಲಿ ಮತ್ತೊಂದು ಯಾತ್ರೆಯುಂಟು. ಲೈಪ್ಜಿಗ್, ಡುಸ್ಸೆಲ್‌ಡಾರ್ಫ್, ಫ್ರಾಂಕ್‌ಫರ್ಟ್, ಬಾನ್ ಎಂಬ ನಾಲ್ಕು ಊರುಗಳನ್ನು ಈ ಕ್ರಮದಲ್ಲಿಯೇ ನೋಡುತ್ತ ಹೋದರೆ ಒಬ್ಬ ಹೆಂಗಸಿನ ಎಪ್ಪತ್ತಾರು ವರ್ಷಗಳ ಬಾಳು ಕಣ್ಣೆದುರಿಗೆ ಬಿಚ್ಚಿಕೊಳ್ಳುತ್ತದೆ. ಆಕೆಯೇ ಪಿಯಾನೋ ವಾದನದಲ್ಲಿ ಯೂರೋಪಿಗೆಲ್ಲ ಹೆಸರಾಗಿದ್ದ ಕ್ಲಾರಾ ಶೂಮಾನ್. ಒಂಬತ್ತನೆಯ ವಯಸ್ಸಿನಲ್ಲಿ ಸಭೆಯ ಮುಂದೆ ಕುಳಿತವಳು ಎಪ್ಪತ್ತೊಂದನೆಯ ವಯಸ್ಸಿನವರೆಗೆ ಸಭೆಯನ್ನು ಬಿಡಲಿಲ್ಲ. ಈ ನಡುವೆ ಮದುವೆಯಾದಳು, ಎಂಟು ಮಕ್ಕಳನ್ನು ಹೆತ್ತಳು, ಗಂಡನನ್ನು ಕಳೆದುಕೊಂಡಳು, ಸಂಸಾರದ ಭಾರವನ್ನೆಲ್ಲ ಒಬ್ಬಳೇ ಹೊತ್ತಳು. ಮನೆಯೂ ಕಲೆಯೂ ಒಂದೇ ಸೂರಿನ ಕೆಳಗೆ ಬಾಳಬಲ್ಲುವೇ ಎಂಬ ಪ್ರಶ್ನೆ ಗೃಹಸ್ಥರಾದ ನಮಗೆಲ್ಲರಿಗೂ ಸಂಬಂಧಪಟ್ಟದ್ದು. ಅದಕ್ಕೆ ಈ ಊರುಗಳು ಏನು ಉತ್ತರ ಹೇಳುತ್ತವೆಂಬುದನ್ನು ನೋಡೋಣ.

ಲೈಪ್ಜಿಗ್ ಪಟ್ಟಣವು ಜಾತ್ರೆಗಳಿಗೂ ಪುಸ್ತಕ ವ್ಯಾಪಾರಕ್ಕೂ ಹೆಸರಾದುದು. ಮಹಾಸಂಗೀತಗಾರನಾದ ಬಾಖ್ 1723ರಿಂದ 1750ರವರೆಗೆ ಸೇವೆ ಸಲ್ಲಿಸಿದ ಸಂತ ತೋಮಾಸನ ದೇವಾಲಯ ಇಲ್ಲಿಯದೇ. ಇಲ್ಲಿಯ ಸಂಗೀತಸಭೆಗೆ ಗೆವಾಂಡ್‌ಹೌಸ್ ಎಂದು ಹೆಸರು. ಎಂದರೆ ಜವಳಿಯ ಮನೆ. 1781ರಲ್ಲಿ ಜವಳಿ ವರ್ತಕರ ಕಟ್ಟಡದಲ್ಲಿಯೇ ಗಾನಸಭೆಗೆ ಒಂದು ಅಂಗಣವನ್ನು ಅಣಿಮಾಡಿದ್ದರಿಂದ ಈ ಹೆಸರು ನಿಂತಿತು. ಆ ಹಳೆಯ ಅಂಗಣ ಈಗಿಲ್ಲ. 1884ರಲ್ಲಿ ಕಟ್ಟಿದ ಎರಡನೆಯ ಭವನವು ಎರಡನೆಯ ಮಹಾಯುದ್ಧದ ಬಾಂಬುಗಳಿಗೆ ಆಹುತಿಯಾಯಿತು. ಇಂದು ಯಾತ್ರಿಕನು ಕಾಣುವುದು 1981ರಲ್ಲಿ ತೆರೆದ ಮೂರನೆಯ ಭವನವನ್ನು.

ಈ ಊರಿನಲ್ಲಿ 1819ರ ಸೆಪ್ಟೆಂಬರ್ 13ರಂದು ಕ್ಲಾರಾ ಹುಟ್ಟಿದಳು. ತಂದೆ ಫ್ರೀಡ್ರಿಖ್ ವೀಕನು ಪಿಯಾನೋಗಳ ವ್ಯಾಪಾರಿ, ಮೇಲಾಗಿ ಪಾಠ ಹೇಳುವುದರಲ್ಲಿ ನಿಷ್ಠುರನಾದ ಗುರು. ತಾಯಿಯೂ ಸಂಗೀತ ಬಲ್ಲವಳೇ. ಆದರೆ ದಂಪತಿಗಳಿಗೆ ಹೊಂದಲಿಲ್ಲ. ಐದು ವರ್ಷದ ಮಗುವನ್ನು ತಂದೆಯ ವಶಕ್ಕೆ ಬಿಟ್ಟು ತಾಯಿ ಬೇರೆ ಹೋದಳು. ನಾಲ್ಕು ವರ್ಷ ದಾಟುವವರೆಗೆ ಮಗುವಿಗೆ ಮಾತೇ ಬಂದಿರಲಿಲ್ಲ. ಕಿವಿ ಕೇಳಿಸದೆಂದೇ ಮನೆಯವರು ಭಾವಿಸಿದ್ದರು. ಮಾತಿಗಿಂತ ಮೊದಲು ಅವಳನ್ನು ಒಲಿದದ್ದು ಸ್ವರ. ತಂದೆಯು ಅವಳ ಹೆಸರಿನಲ್ಲಿ ದಿನಚರಿಯನ್ನಾರಂಭಿಸಿ, ‘ನಾನು’ ಎಂದು ಮಗಳೇ ಹೇಳುವಂತೆ ತಾನೇ ಬರೆಯುತ್ತಿದ್ದನು. ಆ ಮನೆಯಲ್ಲಿ ಮಗಳ ‘ನಾನು’ ಎಂಬುದೂ ತಂದೆಯ ಸ್ವತ್ತಾಗಿದ್ದಿತು.

ಆದರೂ ಅವನು ಕಲಿಸಿದ ವಿದ್ಯೆ ಸಾಮಾನ್ಯವಾದುದಲ್ಲ. ವೀಣೆಯ ತಂತಿಯನ್ನು ಎಳೆದು ಸ್ವರಕ್ಕೆ ಗಮಕವನ್ನು ಕೊಡಬಹುದು. ಪಿಯಾನೋದಲ್ಲಾದರೋ ಬೆರಳು ಮುಟ್ಟುವುದು ಮನೆಯನ್ನು ಮಾತ್ರ. ಒಳಗೆ ಒಂದು ಸಣ್ಣ ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿಯುತ್ತದೆ, ಅನಂತರ ಆ ಸ್ವರವು ಕ್ರಮೇಣ ಕರಗಲೇಬೇಕು. ಕರಗುವ ಸ್ವರಗಳನ್ನು ಒಂದಕ್ಕೊಂದು ಹೆಣೆದು, ಕಂಠವೇ ಹಾಡುತ್ತಿದೆಯೆಂಬ ಭ್ರಮೆಯನ್ನು ಹುಟ್ಟಿಸುವುದು ಬೆರಳಿನ ಹದಕ್ಕೆ ಸೇರಿದ ಕೆಲಸ. ವೀಕನ ಪಾಠದ ತಿರುಳು ಇದೇ.

1828ರ ಅಕ್ಟೋಬರ್ 20ರಂದು ಬಾಲೆಯು ಗೆವಾಂಡ್‌ಹೌಸಿನಲ್ಲಿ ಮೊದಲ ಬಾರಿಗೆ ನುಡಿಸಿದಳು. 1831ರಲ್ಲಿ ವೈಮಾರ್ ನಗರದಲ್ಲಿ ವೃದ್ಧ ಕವಿ ಗಯಟೆಯು ಅವಳ ವಾದನವನ್ನು ಕೇಳಿ ಪದಕವನ್ನಿತ್ತು ಹರಸಿದನು. 1835ರಲ್ಲಿ, ಹದಿನಾರರ ಹರೆಯದಲ್ಲಿ, ತಾನೇ ರಚಿಸಿದ ವಾದ್ಯವೃಂದಸಹಿತವಾದ ಪಿಯಾನೋ ಕೃತಿಯನ್ನು ಮೆಂಡೆಲ್ಸನ್ನನ ನಿರ್ದೇಶನದಲ್ಲಿ ನುಡಿಸಿದಳು. 1838ರಲ್ಲಿ ವಿಯೆನ್ನಾದ ಚಕ್ರವರ್ತಿಯು ಆಸ್ಥಾನ ವಿದುಷಿಯೆಂಬ ಬಿರುದನ್ನು ಕೊಟ್ಟನು.

ಲೈಪ್ಜಿಗಿನ ಇನ್ಸೆಲ್ ಬೀದಿಯಲ್ಲಿ ಇಂದಿಗೂ ಒಂದು ಮನೆಯನ್ನು ಸಂಗ್ರಹಾಲಯವಾಗಿ ಕಾಪಾಡಿದ್ದಾರೆ. ತಂದೆಯ ಶಿಷ್ಯನಾಗಿ ಬಂದ ರಾಬರ್ಟ್ ಶೂಮಾನನನ್ನು ಕ್ಲಾರಾ ಒಲಿದಳು. ತಂದೆ ಒಪ್ಪಲಿಲ್ಲ, ವ್ಯವಹಾರವು ನ್ಯಾಯಸ್ಥಾನದವರೆಗೂ ಹೋಯಿತು. ಕಡೆಗೆ 1840ರ ಸೆಪ್ಟೆಂಬರ್ 12ರಂದು, ಅವಳಿಗೆ ಇಪ್ಪತ್ತೊಂದು ತುಂಬುವ ಹಿಂದಿನ ದಿನ, ಮದುವೆಯಾಯಿತು. ನೂತನ ದಂಪತಿಗಳು ಬಂದು ನೆಲಸಿದ್ದು ಈ ಮನೆಯಲ್ಲಿ. ಇಬ್ಬರೂ ಸೇರಿ ಒಂದೇ ದಿನಚರಿಯನ್ನು ಬರೆದರು. ಆದರೆ ಗೋಡೆಗಳು ತೆಳು. ಗಂಡನು ಕೃತಿರಚನೆಗೆ ಕುಳಿತಾಗ ಹೆಂಡತಿ ವಾದ್ಯವನ್ನು ಮುಟ್ಟುವಂತಿರಲಿಲ್ಲ. ಯೂರೋಪೆಲ್ಲ ಕಿವಿಗೊಟ್ಟು ಕೇಳಿದ ಕೈಗಳು ತಮ್ಮ ಮನೆಯಲ್ಲಿಯೇ ಮೌನವಾಗಿರಬೇಕಾಯಿತು. ಪ್ರೀತಿಯಲ್ಲಿ ಕೊರತೆಯಿದ್ದಿತೆಂದಲ್ಲ, ಗಂಡನ ಕೃತಿಗಳನ್ನು ಲೋಕಕ್ಕೆ ಪರಿಚಯಿಸಿದವಳು ಮುಖ್ಯವಾಗಿ ಆಕೆಯೇ. ಆದರೂ 1844ರಲ್ಲಿ ಇಬ್ಬರೂ ರಷ್ಯಾ ದೇಶಕ್ಕೆ ಹೋದಾಗ ಸಭಿಕರ ಕಣ್ಣು ಅವಳ ಮೇಲಿದ್ದಿತು. ಬರಿಯ ಅವಳ ಗಂಡನಾಗಿ ನಿಲ್ಲುವುದು ರಾಬರ್ಟನಿಗೆ ಹಗುರವಾದ ಮಾತಾಗಿರಲಿಲ್ಲ.

ಕೆಲವು ವರ್ಷ ಡ್ರೆಸ್ಡೆನ್ ನಗರದಲ್ಲಿದ್ದು, 1850ರಲ್ಲಿ ಈ ಸಂಸಾರವು ರೈನ್ ನದಿಯ ಮೇಲಿರುವ ಡುಸ್ಸೆಲ್‌ಡಾರ್ಫಿಗೆ ಬಂದಿತು. ರಾಬರ್ಟನು ಆ ಊರಿನ ಸಂಗೀತ ನಿರ್ದೇಶಕನಾದನು. ಅವರಿದ್ದ ಮನೆಯು ಬಿಲ್ಕರ್ ಬೀದಿಯಲ್ಲಿದೆ. ಅಲ್ಲಿಂದ ನದಿಯವರೆಗೆ ನಡೆದುಹೋಗಲು ಹೆಚ್ಚು ಹೊತ್ತು ಬೇಡ. 1854ರ ಫೆಬ್ರವರಿ 27ರಂದು, ಊರೆಲ್ಲ ಹಬ್ಬದ ಗದ್ದಲದಲ್ಲಿರುವಾಗ, ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡ ರಾಬರ್ಟನು ಆ ಹಾದಿಯಲ್ಲಿ ನಡೆದುಹೋಗಿ ರೈನ್ ನದಿಗೆ ಹಾರಿದನು. ಜನರು ಅವನನ್ನು ನೀರಿನಿಂದೆತ್ತಿ ಉಳಿಸಿದರು. ಕೆಲವೇ ದಿನಗಳಲ್ಲಿ ಅವನನ್ನು ಬಾನ್ ನಗರದ ಸಮೀಪದ ಎಂಡೆನಿಖ್ ಎಂಬಲ್ಲಿಯ ಚಿಕಿತ್ಸಾಲಯಕ್ಕೆ ಸೇರಿಸಬೇಕಾಯಿತು.

ಕ್ಲಾರಾಳಿಗೆ ಆಗ ಮೂವತ್ತನಾಲ್ಕು ವರ್ಷ. ಮನೆಯಲ್ಲಿ ಆರು ಮಕ್ಕಳು, ಗರ್ಭದಲ್ಲಿ ಏಳನೆಯದು. ಹೆತ್ತ ಇನ್ನೊಂದು ಮಗು ಹಿಂದೆಯೇ ತೀರಿಕೊಂಡಿದ್ದಿತು. ಸ್ನೇಹಿತರು ಧನಸಹಾಯಕ್ಕೆ ಮುಂದಾದರು, ಆಕೆ ಕೈಯೊಡ್ಡಲಿಲ್ಲ. ಜೂನ್ ತಿಂಗಳಲ್ಲಿ ಮಗು ಹುಟ್ಟಿತು. ಶರತ್ಕಾಲದಲ್ಲಿ ಆಕೆ ಕಚೇರಿಗಳಿಗೆ ಹೊರಟಳು. ಯುವಕನಾದ ಬ್ರಾಮ್ಸನು ಡುಸ್ಸೆಲ್‌ಡಾರ್ಫಿನಲ್ಲಿ ನಿಂತು ಮಕ್ಕಳನ್ನೂ ಮನೆಯ ಲೆಕ್ಕವನ್ನೂ ನೋಡಿಕೊಂಡನು. ಗಂಡನನ್ನು ಕಾಣಲು ಎರಡು ವರ್ಷಕ್ಕೂ ಮೇಲ್ಪಟ್ಟು ಆಕೆಗೆ ಅವಕಾಶ ದೊರೆಯಲಿಲ್ಲ. 1856ರ ಜುಲೈ 27ರಂದು ಎಂಡೆನಿಖಿನಲ್ಲಿ ಕಂಡಳು; 29ರಂದು ಆತನು ತೀರಿಕೊಂಡನು. ಆ ಚಿಕಿತ್ಸಾಲಯವು ಇಂದು ಶೂಮಾನನ ಸ್ಮಾರಕ ಮಂದಿರವಾಗಿದೆ. ಊರಿನ ಸಂಗೀತ ಗ್ರಂಥಾಲಯವೂ ಅಲ್ಲಿಯೇ ಇದೆ.

ಮುಂದಿನ ವರ್ಷಗಳಲ್ಲಿ ಆಕೆಯ ಊರು ಯಾವುದೆಂದು ಹೇಳುವುದೇ ಕಷ್ಟ. ಚಳಿಗಾಲವೆಲ್ಲ ರೈಲುಬಂಡಿ, ಹೋಟಲು, ಸಭೆ. ಜರ್ಮನಿ, ಆಸ್ಟ್ರಿಯಾ, ಇಂಗ್ಲೆಂಡುಗಳಲ್ಲಿ ಸಂಚಾರ. ಆಕೆಯ ಕಚೇರಿಗಳ ಅಚ್ಚಾದ ಕಾರ್ಯಕ್ರಮ ಪತ್ರಿಕೆಗಳು ಸುಮಾರು 1,300 ಉಳಿದಿವೆ. ಅವುಗಳನ್ನು ರಾಬರ್ಟನು ಹುಟ್ಟಿದ ಸ್ವಿಕಾವ್ ಪಟ್ಟಣದಲ್ಲಿ ಇಟ್ಟಿದ್ದಾರೆ. ಬೆರಳಿನ ಚಮತ್ಕಾರವನ್ನು ತೋರಿಸಿ ಚಪ್ಪಾಳೆ ಗಿಟ್ಟಿಸುವುದು ರೂಢಿಯಾಗಿದ್ದ ಕಾಲದಲ್ಲಿ ಆಕೆ ಬಾಖ್, ಬೀಥೋವನ್, ಶೋಪ್ಯಾನ್, ಶೂಮಾನ್ ಇವರ ಗಂಭೀರ ಕೃತಿಗಳನ್ನು ಸಭೆಗೆ ತಂದಳು. ಸ್ವರಪುಸ್ತಕವನ್ನು ಮುಂದಿಟ್ಟುಕೊಳ್ಳದೆ ನೆನಪಿನಿಂದ ನುಡಿಸುವ ಸಂಪ್ರದಾಯವನ್ನು ನೆಲೆಗೊಳಿಸಿದವರಲ್ಲಿ ಆಕೆ ಮೊದಲಿಗಳೆನ್ನಬಹುದು.

ಇದಕ್ಕೆ ತೆತ್ತ ಬೆಲೆಯನ್ನು ಮರೆಮಾಡಬಾರದು. ಮಕ್ಕಳು ಬೇರೆ ಬೇರೆ ಊರುಗಳಲ್ಲಿ, ಬೇರೆಯವರ ಆಶ್ರಯದಲ್ಲಿ ಬೆಳೆದರು. ತಾಯಿಯನ್ನು ಹೆಚ್ಚಾಗಿ ಕಾಗದಗಳಲ್ಲಿಯೇ ಕಂಡರು. ಕೆಲವರನ್ನು ಆಕೆ ತನ್ನ ಕಣ್ಣೆದುರಿಗೇ ಕಳೆದುಕೊಂಡಳು. ಕೈಯ ನೋವಿನಿಂದ ಒಮ್ಮೆ ಒಂದು ವರ್ಷಕ್ಕೂ ಮಿಕ್ಕಿ ನುಡಿಸಲಾಗಲಿಲ್ಲ. ಸಂಚಾರವನ್ನು ಕಡಿಮೆ ಮಾಡಬಾರದೇ ಎಂದು 1868ರಲ್ಲಿ ಬ್ರಾಮ್ಸನು ಬರೆದಾಗ ಆಕೆ ನೊಂದುಕೊಂಡಳು. ಅದು ಬರಿಯ ಸಂಪಾದನೆಯ ಮಾತಲ್ಲ, ತನ್ನ ಪಾಲಿಗೆ ಬಂದ ಕರ್ತವ್ಯ, ತಾನು ಬದುಕಿರುವುದೇ ಅದರಿಂದ ಎಂಬುದು ಆಕೆಯ ಉತ್ತರದ ತಾತ್ಪರ್ಯ. ದುಃಖ ಬಂದಾಗ ಕಲೆಯನ್ನು ಬಿಡುವವರುಂಟು. ಆಕೆ ದುಃಖವನ್ನು ತಾಳಿಕೊಂಡದ್ದೇ ಕಲೆಯ ಬಲದಿಂದ.

1878ರಲ್ಲಿ ಫ್ರಾಂಕ್‌ಫರ್ಟ್ ನಗರದ ಹೋಖ್ ಸಂಗೀತ ವಿದ್ಯಾಲಯವು ಆಕೆಯನ್ನು ಗುರುವಾಗಿ ಬರಮಾಡಿಕೊಂಡಿತು. ಮುಲಿಯುಸ್ ಬೀದಿಯ ಮನೆಯಲ್ಲಿ ಹೆಣ್ಣುಮಕ್ಕಳೊಂದಿಗೆ ನೆಲಸಿ ದೂರ ದೇಶಗಳಿಂದ ಬಂದ ಶಿಷ್ಯರಿಗೆ ಪಾಠ ಹೇಳಿದಳು. 1891ರ ಮಾರ್ಚ್ 12ರಂದು ಇದೇ ಊರಿನಲ್ಲಿ ಬ್ರಾಮ್ಸನ ಕೃತಿಯೊಂದನ್ನು ಮತ್ತೊಬ್ಬ ವಾದಕನ ಜೊತೆಗೆ ನುಡಿಸಿದ್ದೇ ಆಕೆಯ ಕಡೆಯ ಸಭೆ. ಆಕೆಯ ವಾದನದ ಧ್ವನಿಮುದ್ರಣವೊಂದೂ ಉಳಿದಿಲ್ಲ. ಆಂಗ್ಲ ಶಿಷ್ಯೆಯಾದ ಫ್ಯಾನಿ ಡೇವೀಸಳು 1928ರಲ್ಲಿ ಮುದ್ರಿಸಿದ ಶೂಮಾನನ ಕೃತಿಯನ್ನು ಕೇಳಿ ಗುರುವಿನ ರೀತಿಯನ್ನು ಊಹಿಸಿಕೊಳ್ಳಬೇಕು. 1990ರಿಂದ, ಯೂರೋ ನಾಣ್ಯವು ಬರುವವರೆಗೆ, ಜರ್ಮನಿಯ ನೂರು ಮಾರ್ಕಿನ ನೋಟಿನ ಮೇಲೆ ಆಕೆಯ ಮುಖವಿದ್ದಿತು. ಹಿಂಬದಿಯಲ್ಲಿ ಒಂದು ಪಿಯಾನೋ. ಸಂಸಾರವನ್ನು ಬೆರಳಿನ ಸಂಪಾದನೆಯಿಂದ ನಡೆಸಿದವಳಿಗೆ ಇದಕ್ಕಿಂತ ಒಪ್ಪುವ ಗೌರವ ಇನ್ನಾವುದು!

ಯಾತ್ರೆಯು ಮುಗಿಯುವುದು ಬಾನ್ ನಗರದ ಹಳೆಯ ಶ್ಮಶಾನದಲ್ಲಿ. 1880ರಲ್ಲಿ ಶಿಲ್ಪಿ ಡೋನ್‌ಡಾರ್ಫನು ಇಲ್ಲಿ ರಾಬರ್ಟನ ಸ್ಮಾರಕವನ್ನು ನಿರ್ಮಿಸಿ, ಅವನ ಮುಖಚಿತ್ರದ ಕೆಳಗೆ ಗಾನದೇವಿಯೊಬ್ಬಳನ್ನು ಕೂರಿಸಿದನು. ಆ ದೇವಿಯ ಮುಖ ಕ್ಲಾರಾಳದು. ಆಗ ಆಕೆ ಬದುಕಿದ್ದಳು, ಸಭೆಗಳಲ್ಲಿ ನುಡಿಸುತ್ತಲೂ ಇದ್ದಳು. 1896ರ ಮೇ 20ರಂದು ಫ್ರಾಂಕ್‌ಫರ್ಟಿನಲ್ಲಿ ತೀರಿಕೊಂಡವಳನ್ನು ಇಲ್ಲಿಗೆ ತಂದು ಗಂಡನ ಪಕ್ಕದಲ್ಲಿ ಮಣ್ಣು ಮಾಡಿದರು. ಸುದ್ದಿ ತಿಳಿದು ಆಸ್ಟ್ರಿಯಾದಿಂದ ಹೊರಟ ಬ್ರಾಮ್ಸನು ದಾರಿಯಲ್ಲಿ ಬಂಡಿ ತಪ್ಪಿ, ಬಹಳ ಬಳಲಿ ಇಲ್ಲಿಗೆ ಬಂದು ಮುಟ್ಟಿದನು. ಮರುವರ್ಷ ಅವನೂ ತೀರಿಕೊಂಡನು.

ಮನೆಯೂ ಕಲೆಯೂ ಒಟ್ಟಿಗೆ ಬಾಳಬಲ್ಲುವೇ ಎಂಬ ಪ್ರಶ್ನೆಗೆ ಈ ನಾಲ್ಕು ಊರುಗಳು ಸುಲಭವಾದ ಉತ್ತರವನ್ನು ಕೊಡವು. ಲೈಪ್ಜಿಗಿನಲ್ಲಿ ಮನೆಗಾಗಿ ಕಲೆ ಸುಮ್ಮನಾಯಿತು. ಡುಸ್ಸೆಲ್‌ಡಾರ್ಫಿನಲ್ಲಿ ಮನೆ ಮುರಿದಾಗ ಅದನ್ನು ಎತ್ತಿ ನಿಲ್ಲಿಸಿದ್ದು ಅದೇ ಕಲೆ. ಬಾನಿನ ಆ ಶಿಲೆಯ ದೇವಿಯು ಗಂಡನ ಮುಖವನ್ನೇ ನೋಡುತ್ತ ಕುಳಿತಿದ್ದಾಳೆ. ನಿಜವಾದ ಕ್ಲಾರಾ ಹೀಗೆ ಕುಳಿತಿದ್ದವಳಲ್ಲ, ಅರವತ್ತೆರಡು ವರ್ಷ ಊರಿಂದೂರಿಗೆ ನಡೆದವಳು ಎಂಬುದನ್ನು ಅಲ್ಲಿಗೆ ಹೋದವರು ನೆನೆದರೆ ಸಾಕು.