ಖುಷಿಯೂ ಖಬರೂ

ಗೋಕಾಕದ ಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದೆನು. ಒಂದು ದಿನ ಪಾಠದಲ್ಲಿ ‘ಬ್ಲೈದ್ಲಿ’ ಎಂಬ ಕ್ರಿಯಾವಿಶೇಷಣ ಬಂದಿತು. ‘ಉಲ್ಲಾಸದಿಂದ, ನಿಶ್ಚಿಂತೆಯಿಂದ’ ಎಂದು ಹಲಗೆಯ ಮೇಲೆ ಅರ್ಥ ಬರೆದೆನು. ‘ಹಕ್ಕಿಯು ಬ್ಲೈದ್ಲಿ ಹಾಡಿತು’ ಎಂಬ ವಾಕ್ಯಕ್ಕೆ ಅದು ಚೆನ್ನಾಗಿಯೇ ಹೊಂದಿತು. ಆಗ ಹುಕ್ಕೇರಿಯ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು.

“ಸರ್, ‘ಎಚ್ಚರಿಕೆಯ ಫಲಕವನ್ನು ಅವನು ಬ್ಲೈದ್ಲಿ ದಾಟಿ ನಡೆದನು’ ಅಂತ ಇನ್ನೊಂದು ವಾಕ್ಯ ಐತ್ರಿ. ಇದರಾಗ ಉಲ್ಲಾಸ ಎಲ್ಲೈತ್ರಿ?”

ನಾನು ತಡವರಿಸಿದೆನು. “ನಾಳೆ ಹೇಳುವೆ” ಎಂದು ಪಾಠ ಮುಗಿಸಿದೆನು.

ಆ ರಾತ್ರಿ ನಿಘಂಟು ತೆರೆದೆನು. ಪ್ರಾಚೀನ ಇಂಗ್ಲಿಷಿನಲ್ಲಿ ಇದರ ಮೂಲಪದಕ್ಕೆ ಹರ್ಷ, ಸೌಮ್ಯತೆ ಎಂಬ ಅರ್ಥಗಳಿದ್ದವು. ಶೆಲ್ಲಿ ಕವಿಯು 1820ರಲ್ಲಿ ಬಾನಾಡಿಯನ್ನು ಕುರಿತು ಬರೆದ ಕವನದಲ್ಲಿಯೂ ಇದರ ವಿಶೇಷಣರೂಪವು ಹೊಗಳಿಕೆಯಾಗಿಯೇ ಬಂದಿದೆ. ಕಾಲಕ್ರಮದಲ್ಲಿ ‘ಮುಂದಿನದನ್ನು ಯೋಚಿಸದೆ’ ಎಂಬ ತೆಗಳಿಕೆಯ ಅರ್ಥವೂ ಅದಕ್ಕೆ ಸೇರಿತು. ನಮ್ಮ ‘ಬೇಫಿಕೀರ’ ಎಂಬ ಮಾತೂ ಹೀಗೆಯೇ ಅಲ್ಲವೆ? ಅದು ಮೆಚ್ಚಿಕೆಯೋ ಬೈಗುಳೋ ಎಂಬುದನ್ನು ಆಡುವವರ ದನಿಯೇ ಹೇಳಬೇಕು.

ಆಗ ನನಗೆ ಬಾಲ್ಯದ ಒಂದು ದಿನ ನೆನಪಾಯಿತು. ಶ್ರಾವಣಮಾಸ. ಮೂಡಲಗಿಯ ಗೆಳೆಯನೊಡನೆ ಗೋಕಾಕದ ಜಲಪಾತ ನೋಡಲು ಹೋಗಿದ್ದೆನು. ಘಟಪ್ರಭೆ 52 ಮೀಟರ್ ಕೆಳಕ್ಕೆ ಧುಮುಕುತ್ತಿದ್ದಳು. ನಾವು ಹಾಡುತ್ತ, ಒದ್ದೆ ಬಂಡೆಯ ಅಂಚಿನತ್ತ ಕುಣಿಯುತ್ತ ನಡೆದೆವು. ಫಕ್ಕನೆ ಗೆಳೆಯನ ಕಾಲು ಜಾರಿತು. ಹಿಂದಿನಿಂದ ಬಂದ ಕುರಿಗಾಹಿ ಅಜ್ಜನೊಬ್ಬ ಅವನ ರಟ್ಟೆಯನ್ನು ಬಿಗಿಯಾಗಿ ಹಿಡಿದನು. ಗೆಳೆಯನ ಚಪ್ಪಲಿಯೊಂದು ಮಾತ್ರ ಕೆಳಗುರುಳಿತು. ಅದು ಬಿದ್ದ ಸದ್ದೂ ನಮಗೆ ಕೇಳಿಸಲಿಲ್ಲ. ಅಜ್ಜ ಬೈಯಲಿಲ್ಲ. “ಖುಷಿ ಇರಲಿ ತಮ್ಮಾ, ಖಬರೂ ಇರಲಿ” ಎಂದಷ್ಟೇ ನುಡಿದನು.

ಮರುದಿನ ತರಗತಿಯಲ್ಲಿ ಈ ಕಥೆಯನ್ನು ಹೇಳಿ, ಆ ಪದವನ್ನು ಬಳಸಿ ಎರಡು ವಾಕ್ಯ ರಚಿಸಿರೆಂದೆನು. 2019ರ ಆಗಸ್ಟಿನಲ್ಲಿ ಘಟಪ್ರಭೆಯ ಪ್ರವಾಹವು ಗೋಕಾಕ ಪಟ್ಟಣಕ್ಕೆ ನುಗ್ಗಿದುದನ್ನು ಕಂಡಿದ್ದ ಮಕ್ಕಳು ಅವರು. ಹುಕ್ಕೇರಿಯ ಆ ಹುಡುಗಿ ಹೀಗೆ ಬರೆದಿದ್ದಳು: ‘ಹಿಡಕಲ್ ಜಲಾಶಯದಿಂದ ನೀರು ಬಿಡುವರೆಂದು ಸಾರಿದರೂ ಕೆಲವರು ಬ್ಲೈದ್ಲಿ ಮನೆಯಲ್ಲಿಯೇ ಕುಳಿತರು. ಹೊಳೆ ಇಳಿದ ಮೇಲೆ ಮಕ್ಕಳು ಮರಳಿನಲ್ಲಿ ಬ್ಲೈದ್ಲಿ ಆಡಿದರು.’

ನಿಘಂಟಿಗಿಂತ ಚೆನ್ನಾಗಿ ಅವಳು ಅರ್ಥ ಹೇಳಿದ್ದಳು. ಪದ ಒಂದೇ, ಹೊಳೆಯೂ ಒಂದೇ. ನಗುತ್ತ ಬಾಳುವುದು ದೊಡ್ಡ ಗುಣ; ಆದರೆ ಕಾಲಿಡುವ ನೆಲವನ್ನು ನೋಡಿಕೊಂಡು ನಗಬೇಕು.