ಅಪ್ಪು ಇಳಿದ ಕಡಲಿಗೆ ಚಂದಾಪುರದ ಹುಡುಗರು!

ಉಸಿರು ಬಿಗಿಹಿಡಿದು ಕಡಲಿಗೆ ಧುಮುಕುವ ನಾಯಕ, ಮುತ್ತು ಹಿಡಿದು ಮೇಲೇಳುವ ನಾಯಕ... 1987ರಲ್ಲಿ ಶಂಕರ್ ನಾಗ್ ನಿರ್ದೇಶಿಸಿದ ‘ಒಂದು ಮುತ್ತಿನ ಕಥೆ’ಯ ಡಾ. ರಾಜ್‌ಕುಮಾರ್ ಅವರನ್ನು ಯಾವ ಚಿತ್ರರಸಿಕ ತಾನೆ ಮರೆತಾನು? ಮುಂದೆ 2022ರ ಅಕ್ಟೋಬರ್‌ನಲ್ಲಿ ‘ಗಂಧದ ಗುಡಿ’ ತೆರೆಗೆ ಬಂದಾಗ ಕಡಲಡಿಗೆ ಇಳಿದದ್ದು ಅವರ ಕಿರಿಯ ಮಗ ಪುನೀತ್. ಬೆನ್ನಿಗೆ ಸಿಲಿಂಡರ್, ಬಾಯಿಗೆ ನಳಿಕೆ, ಸುತ್ತ ಮೀನಿನ ಹಿಂಡು! ಅಷ್ಟರಲ್ಲಿ ಅಪ್ಪು ನಮ್ಮನ್ನು ಅಗಲಿ ಒಂದು ವರ್ಷವಾಗಿತ್ತು. ಕತ್ತಲೆಯಲ್ಲಿ ಕೂತು ಕಣ್ಣೊರೆಸಿಕೊಂಡವರೆಷ್ಟು ಜನ!

ಆ ಜಾಗ ಮಾಲ್ಡೀವ್ಸ್ ಅಲ್ಲ ಸ್ವಾಮಿ, ಅಂಡಮಾನ್ ಕೂಡ ಅಲ್ಲ. ಉತ್ತರ ಕನ್ನಡ ಜಿಲ್ಲೆ ಭಟ್ಕಳ ತಾಲ್ಲೂಕಿನ ನಮ್ಮ ನೇತ್ರಾಣಿ!

ಈ ಮಾತು ನಮ್ಮ ಚಂದಾಪುರದ ವಠಾರದಲ್ಲಿ ಬಿದ್ದದ್ದೇ ತಡ, ಪಕ್ಕದ ಕೋಣೆಯ ಮೂವರು ಹುಡುಗರು ಎದ್ದು ಕೂತರು. ಇಬ್ಬರಿಗೆ ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಪಾಳಿ ಕೆಲಸ, ಒಬ್ಬ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಾರು ಓಡಿಸುತ್ತಾನೆ. “ಬೋನಸ್ ಬರಲಿ, ಹೋಗೇಬಿಡೋಣ” ಅಂದರು. ಲೆಕ್ಕ ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ನೀರೆಂದರೆ ಹೀಗೂ ಇರುತ್ತಾ?

ನಮ್ಮ ಹುಡುಗರ ಆಸೆ ಅರ್ಥವಾಗಬೇಕಾದರೆ ಚಂದಾಪುರದ ಕೆರೆ ನೋಡಿರಬೇಕು. ಹೊಸೂರು ರಸ್ತೆಯ ಕೊಳಚೆಯನ್ನೂ ಕಾರ್ಖಾನೆಗಳ ಕಲ್ಮಷವನ್ನೂ ಕುಡಿದ ಕೆರೆ ಅದು. ಅದನ್ನು ಉಳಿಸಿಕೊಳ್ಳಲಿಲ್ಲವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರಕ್ಕೆ 500 ಕೋಟಿ ರೂಪಾಯಿ ಕಟ್ಟಲು ಹೇಳಿತ್ತು. ಆ ದಂಡೆಯಲ್ಲಿ ಮೂಗು ಮುಚ್ಚಿಕೊಂಡು ಓಡಾಡುವವನಿಗೆ, ತಳ ಕಾಣುವ ನೀರು ಅಂದರೆ ಅದೇ ಒಂದು ಸ್ವರ್ಗ!

ಯಾವ ದ್ವೀಪ?

ಅಂಡಮಾನ್ ಸುಂದರವೇ, ಇಲ್ಲವೆನ್ನುವವರಾರು? ಆದರೆ ವಿಮಾನವೇರಿ ಹಿಂದಿನ ಪೋರ್ಟ್ ಬ್ಲೇರ್‌ಗೆ (2024ರಿಂದ ಅದು ಶ್ರೀ ವಿಜಯಪುರಂ) ಹೋಗಿ, ಅಲ್ಲಿಂದ ಹಡಗಿನಲ್ಲಿ ಸ್ವರಾಜ್ ದ್ವೀಪ ಸೇರಬೇಕು. ವಾರದ ರಜಾ ಯಾವ ಮೇಸ್ತ್ರಿ ಕೊಡುತ್ತಾನೆ? ಲಕ್ಷದ್ವೀಪಕ್ಕೆ ಕಾಲಿಡಲು ನಮ್ಮ ದೇಶದವರಿಗೂ ಪರವಾನಗಿ ಬೇಕು. ನೇತ್ರಾಣಿಗೋ? ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಮುರ್ಡೇಶ್ವರ. ಬೆಂಗಳೂರಿನಿಂದ ನೇರ ರೈಲೂ ಉಂಟು. 123 ಅಡಿ ಎತ್ತರದ ಶಿವನಿಗೆ ಕೈಮುಗಿದು ದೋಣಿ ಹತ್ತಿದರೆ, ಸುಮಾರು 19 ಕಿಲೋಮೀಟರ್ ದೂರದಲ್ಲಿ ದ್ವೀಪ. ಒಂದೂವರೆ ಗಂಟೆಯ ಹಾದಿ.

ಮೇಲಿನಿಂದ ನೋಡಿದರೆ ಹೃದಯದ ಆಕಾರ. ಬಂಡೆಯ ಮೇಲೆ ಬಿಳಿಹೊಟ್ಟೆಯ ಕಡಲಹದ್ದುಗಳ ಗೂಡು. ಬೆಸ್ತರು ಹರಕೆ ಹೊರುವ ಜಟ್ಟಿಗ ದೇವರ ಗುಡಿ. ಒಂದು ಕಾಲಕ್ಕೆ ನೌಕಾಪಡೆ ಇದೇ ದ್ವೀಪವನ್ನು ಗುಂಡಿನ ಗುರಿಯಾಗಿ ಬಳಸುತ್ತಿತ್ತು ಎಂದರೆ ನಂಬುತ್ತೀರಾ? ನೀರಿನ ಕೆಳಗೆ ಹವಳ, ಗಿಳಿಮೀನು, ಚಿಟ್ಟೆಮೀನು, ಅದೃಷ್ಟವಿದ್ದರೆ ಆಮೆ. ಹೊಸಬರು ದ್ವೀಪ ಹತ್ತಿ ಸುತ್ತುವುದಿಲ್ಲ, ದೋಣಿಯಿಂದ ನೇರ ನೀರಿಗೆ.

ಯಾವಾಗ? ಎಷ್ಟು ದಿನ?

ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ. ಆಗ ಕಡಲು ಯಾರ ಮಾತನ್ನೂ ಕೇಳುವುದಿಲ್ಲ. ಮಳೆ ಕಳೆದ ಮೇಲೆ, ಅಕ್ಟೋಬರ್‌ನಿಂದ ಮೇವರೆಗೆ ಡೈವಿಂಗ್ ನಡೆಯುತ್ತದೆ. ಆದರೂ ಕಡಲು ಕೆಟ್ಟರೆ ದೋಣಿ ಹೊರಡದು. ಒಂದು ದಿನ ಕೈಯಲ್ಲಿ ಹೆಚ್ಚಿಗೆ ಇಟ್ಟುಕೊಳ್ಳಿ.

ಇನ್ನೊಂದು ಗುಟ್ಟು. ಡೈವ್ ಮಾಡಿದವರು 12ರಿಂದ 18 ಗಂಟೆ ವಿಮಾನ ಹತ್ತಬಾರದು. ಒತ್ತಡದಲ್ಲಿ ರಕ್ತಕ್ಕೆ ಕರಗಿದ ಸಾರಜನಕ ನಿಧಾನವಾಗಿ ಹೊರಬರಬೇಕು, ಅವಸರ ಮಾಡಿದರೆ ಸೋಡಾ ಬಾಟಲಿಯಂತೆ ಗುಳ್ಳೆ ಎದ್ದೀತು. “ನಾವು ಬಸ್ಸಲ್ಲವೇನ್ರೀ?” ಅಂತೀರಾ? ಬಸ್ಸು ಘಟ್ಟ ಹತ್ತುತ್ತದಲ್ಲ! ನಮ್ಮ ಬೆಂಗಳೂರು ಇರುವುದೇ ಸಮುದ್ರಮಟ್ಟದಿಂದ 900 ಮೀಟರ್ ಮೇಲೆ. ಡೈವ್ ಮುಗಿದ ರಾತ್ರಿ ಮುರ್ಡೇಶ್ವರದಲ್ಲೇ ತಂಗುವುದು ಜಾಣತನ.

ಸಿನಿಮಾ ಹೇಳಿದ್ದಕ್ಕೆ ತದ್ವಿರುದ್ಧ

ಈಜು ಬಾರದವರೂ ಇಳಿಯಬಹುದು. ತರಬೇತಿದಾರ ಕೈ ಬಿಡುವುದಿಲ್ಲ, ಹೊಸಬರನ್ನು 12 ಮೀಟರ್‌ಗಿಂತ ಕೆಳಗೆ ಒಯ್ಯುವುದಿಲ್ಲ. ಸಿಲಿಂಡರಿನಲ್ಲಿರುವುದು ಆಮ್ಲಜನಕವಲ್ಲ, ಒತ್ತಿ ತುಂಬಿದ ನಮ್ಮ ಮಾಮೂಲಿ ಗಾಳಿ. 1943ರಲ್ಲಿ ಫ್ರಾನ್ಸಿನ ಕೂಸ್ತೋ ಮತ್ತು ಗಾನ್ಯಾನ್ ಎಂಬಿಬ್ಬರು ರೂಪಿಸಿದ ಉಪಕರಣದ ಕುಲವೇ ಇದು. ಕಿವಿ ಹಿಂಡಿದರೆ ಮೂಗು ಹಿಡಿದು ಮೆಲ್ಲಗೆ ಊದಬೇಕು.

ಆದರೆ ಮುಖ್ಯ ಸೂತ್ರ ಒಂದೇ: ಉಸಿರು ಬಿಗಿಹಿಡಿಯಬಾರದು! ಮುತ್ತು ತೆಗೆಯುವ ನಾಯಕ ಮೇಲಿನಿಂದ ಒಯ್ದ ಉಸಿರನ್ನೇ ಹಿಡಿದಿರುತ್ತಾನೆ, ಅವನಿಗೆ ಅದು ಸರಿ. ಸಿಲಿಂಡರಿನ ಕಥೆ ಬೇರೆ. 10 ಮೀಟರ್ ಆಳದಲ್ಲಿ ಒತ್ತಡ ಎರಡರಷ್ಟು. ಅಲ್ಲಿ ತುಂಬಿಕೊಂಡ ಗಾಳಿ ಮೇಲೆ ಬರುವಾಗ ಎರಡರಷ್ಟು ಹಿಗ್ಗುತ್ತದೆ. ಬಿಡದೆ ಹಿಡಿದರೆ ಶ್ವಾಸಕೋಶವೇ ಹರಿದೀತು.

ಇಲ್ಲೇ ನಮ್ಮ ಯೋಜನೆಗೆ ಪೆಟ್ಟು ಬಿದ್ದದ್ದು. ಡೈವಿಂಗಿಗೆ ಮೊದಲು ಆರೋಗ್ಯದ ನಮೂನೆ ತುಂಬಬೇಕು: ಆಸ್ತಮಾ ಇದೆಯೇ? ಹೃದಯದ ತೊಂದರೆ? ಫಿಟ್ಸ್? ಕಿವಿಯ ಶಸ್ತ್ರಚಿಕಿತ್ಸೆ? ಕಾರು ಓಡಿಸುವ ಹುಡುಗನಿಗೆ ಚಿಕ್ಕಂದಿನಿಂದ ಉಬ್ಬಸ. ಇವರಲ್ಲಿ ಅತಿ ಹೆಚ್ಚು ಆಸೆಪಟ್ಟವನೂ ಅವನೇ, ಅಪ್ಪುವಿನ ಭಾವಚಿತ್ರ ಕಾರಿನಲ್ಲಿಟ್ಟುಕೊಂಡವನು. “ಇಲ್ಲ ಅಂತ ಗೀಟು ಹಾಕಿದ್ರೆ ಯಾರಿಗೆ ಗೊತ್ತಾಗುತ್ತೆ?” ಅಂದ. ಮಿಕ್ಕವರು ಸುಮ್ಮನಾದರು. ನಾನು ಹೇಳಿದೆ: “ನೀರಿಗೆ ಗೊತ್ತಾಗುತ್ತೆ ಕಣಪ್ಪ.” ಉಬ್ಬಸದಲ್ಲಿ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಆತ ಬೇಕೆಂದು ಹಿಡಿಯದಿದ್ದರೂ ಉಸಿರೇ ಅವನನ್ನು ಹಿಡಿದುಬಿಡುತ್ತದೆ.

ಕೊನೆಗೆ ವೈದ್ಯರ ಹತ್ತಿರ ಹೋದ. ಪರೀಕ್ಷೆ ಮಾಡಿ ಬೇಡವೆಂದರು. ಎರಡು ದಿನ ಯಾರೊಡನೆಯೂ ಮಾತಿಲ್ಲ. ಮೂರನೆಯ ದಿನ ಪಾಳಿ ಮುಗಿಸಿ ಬಂದವರ ಮುಂದೆ ನಿಂತು, “ನಾನು ದೋಣೀಲಿ ಬರ್ತೀನಿ. ಅಲ್ಲಿಂದ್ಲೇ ಬಗ್ಗಿ ನೋಡ್ತೀನಿ. ನೀವು ಮೇಲೆ ಬಂದು ಏನೇನು ಕಂಡ್ರಿ, ಒಂದೂ ಬಿಡದೆ ಹೇಳ್ಬೇಕು” ಅಂದ. ದೋಣಿಯಲ್ಲಿ ಸುಮ್ಮನೆ ಕೂರುವವರಿಗೆ ಜಾಗ ಉಂಟೇ ಎಂದು ಫೋನು ಮಾಡಿ ವಿಚಾರಿಸಿದೆವು. ಉಂಟು ಅಂದರು.

ಡಿಸೆಂಬರ್‌ಗೆ ನಾಲ್ಕು ಸೀಟು ಕಾದಿರಿಸಿದ್ದೇವೆ. ಹವಳ ಮುಟ್ಟಬೇಡಿ, ಪ್ಲಾಸ್ಟಿಕ್ ಬಿಸಾಡಬೇಡಿ ಎಂದು ನಮಗೆ ಯಾರೂ ಹೇಳಬೇಕಾಗಿಲ್ಲ. ಕೆರೆ ಹಾಳಾಗುವುದು ಹೇಗೆಂದು ಚಂದಾಪುರದವರು ದಿನಾ ನೋಡುತ್ತಿದ್ದೇವೆ. ಬರಲೇ? ಕಡಲಡಿಯ ಸಮಾಚಾರ ಹೋಗಿ ಬಂದ ಮೇಲೆ!